ಚಾವಿ ಯಾರ ಕೈಯಲ್ಲಿರಬೇಕು? ಎನ್‌ಕ್ರಿಪ್ಷನ್, ಸರ್ಕಾರ ಮತ್ತು ನಮ್ಮ ಫೋನು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ ಒಡೆದದ್ದು, ಚಾರ್ಜಿಂಗ್ ಪಿನ್ ಸಡಿಲಾದದ್ದು, ನೀರಿಗೆ ಬಿದ್ದದ್ದು, ಇಂಥವೇ ಕೆಲಸ. ಫೋನ್ ಬಿಚ್ಚಿ ಕೂತಾಗ ಎದುರಿನ ಸ್ಟೂಲ್ ಮೇಲೆ ಕೂತವರಿಗೆ ಮಾತು ಬೇಕು. "ಅಣ್ಣಾರ, ನಮ್ಮ ವಾಟ್ಸಾಪ್ ಸರ್ಕಾರದವರು ಓದ್ತಾರಂತ, ಖರೇನಾ?" ಅಂತ ಶುರುವಾಗುತ್ತದೆ. ಹೋದ ವರ್ಷ ಒಂದು ಕಾಲೇಜಿನವರೂ ಕರೆದು ಮಾತಾಡಿಸಿದರು. ಅಲ್ಲಿಯೂ ಅವೇ ಪ್ರಶ್ನೆಗಳು. ಅದಕ್ಕೇ ಒಂದೇ ಕಡೆ ಬರೆದಿಟ್ಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರು ಬೀಗ, ಕೀ ಅನ್ನುತ್ತಾರೆ. ನಮ್ಮಲ್ಲಿ ಅದು ಕೀಲಿ, ಚಾವಿ. ಮುಂದೆಲ್ಲ ಹಾಗೇ ಓದಿಕೊಳ್ಳಿ.

ಎನ್‌ಕ್ರಿಪ್ಷನ್ ಅಂದರೆ ಏನ್ರಿ? ತಿಳಿಯೋ ಹಂಗ ಹೇಳ್ರಿ.

ದನದ ಸಂತೆ ನೋಡಿದ್ದೀರಲ್ವಾ? ಇಬ್ಬರು ಎದುರುಬದುರು ನಿಂತು ಟವೆಲ್ ಕೆಳಗೆ ಕೈ ಸೇರಿಸುತ್ತಾರೆ. ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ಐವತ್ತು ಮಂದಿ ನಿಂತಿದ್ದರೂ ಎತ್ತಿನ ಜೋಡಿ ಎಷ್ಟಕ್ಕೆ ಹೋಯಿತು ಅಂತ ಗೊತ್ತಾಗುವುದು ಆ ಇಬ್ಬರಿಗೇ. ಯಾವ ಬೆರಳಿಗೆ ಎಷ್ಟು ಲೆಕ್ಕ ಅನ್ನುವುದು ಸಂತೆಯ ದಲ್ಲಾಳಿಗಳಿಗೆಲ್ಲ ಗೊತ್ತು. ಗುಟ್ಟು ಲೆಕ್ಕದಲ್ಲಿಲ್ಲ, ಟವೆಲಿನಲ್ಲಿದೆ.

ಎನ್‌ಕ್ರಿಪ್ಷನ್ನೂ ಹೀಗೇ. ಸಂದೇಶವನ್ನು ಗೋಜಲು ಮಾಡುವ ಗಣಿತ ಎಲ್ಲರಿಗೂ ತೆರೆದಿದೆ, ಪುಸ್ತಕದಲ್ಲಿದೆ, ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಗುಟ್ಟಾಗಿರುವುದು ಚಾವಿ ಮಾತ್ರ. ಆ ಚಾವಿ ಒಂದು ದೊಡ್ಡ ಸಂಖ್ಯೆ. ಒಬ್ಬರನ್ನೊಬ್ಬರು ನೋಡೇ ಇರದ ಇಬ್ಬರು, ಎಲ್ಲರೂ ಕೇಳುತ್ತಿರುವ ಲೈನಿನಲ್ಲೇ ಮಾತಾಡಿ, ತಮಗಷ್ಟೇ ಗೊತ್ತಿರುವ ಚಾವಿಯೊಂದನ್ನು ಮಾಡಿಕೊಳ್ಳಬಹುದು ಅಂತ 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ತೋರಿಸಿಕೊಟ್ಟರು. ಮೊದಲ ಸಲ ಓದಿದಾಗ ನನಗೆ ಇದು ಕಣ್ಕಟ್ಟು ಅನಿಸಿತ್ತು.

ವಾಟ್ಸಾಪಿನಲ್ಲಿ 2016ರ ಏಪ್ರಿಲಿನಿಂದ ಎಲ್ಲ ಸಂದೇಶಕ್ಕೂ ಈ ಕೀಲಿ ಇದೆ. ಕಳಿಸಿದ ಫೋನಿನಲ್ಲಿ ಕೀಲಿ ಬೀಳುತ್ತದೆ, ತಲುಪಿದ ಫೋನಿನಲ್ಲಿ ತೆರೆಯುತ್ತದೆ. ನಡುವೆ ಕಂಪನಿಯ ಕೈಯಲ್ಲೂ ಚಾವಿ ಇಲ್ಲ.

ಆದರೆ ಟವೆಲ್ ಕೆಳಗೆ ವ್ಯವಹಾರ ನಡೆಯುತ್ತಿದೆ ಅಂತ ಸಂತೆಗೆಲ್ಲ ಕಾಣುತ್ತದೆ, ನೆನಪಿರಲಿ. ಯಾರು, ಯಾರ ಜೊತೆ, ಎಷ್ಟು ಹೊತ್ತಿಗೆ ಅನ್ನುವುದು ಎನ್‌ಕ್ರಿಪ್ಷನ್ ಇದ್ದರೂ ಕಂಪನಿಗೆ ತಿಳಿಯಬಹುದು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮುರ್ಕಿಯಲ್ಲಿ ಆದದ್ದು ನೋಡಿದ ಮೇಲೂ ಕೀಲಿ ಬೇಕು ಅಂತೀರಾ?

ಮುರ್ಕಿ ಬೀದರ್ ಜಿಲ್ಲೆಯ ಊರು. ಆ ಕಡೆಯವರು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಬರಲೂಬೇಕು.

2018ರ ಜುಲೈ 13. ಹೈದರಾಬಾದ್ ಕಡೆಯಿಂದ ಬಂದಿದ್ದ ಯುವಕರು ದಾರಿಯಲ್ಲಿ ಸಿಕ್ಕ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ಆ ದಿನಗಳಲ್ಲಿ ಊರೂರು ಸುತ್ತುತ್ತಿತ್ತು. ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲೇ ಸಂದೇಶ ಮುಟ್ಟಿತ್ತು. ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಜೊತೆಗಿದ್ದವರಿಗೂ, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು.

ಆ ವಾರ ನಾನು ಅಂಗಡಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: ಸರ್ಕಾರದ ಕೈಗೆ ಚಾವಿ ಕೊಡಬೇಕು, ಇಂಥದ್ದನ್ನು ಮೊದಲೇ ಹಿಡಿಯಬೇಕು. ಸುಳ್ಳು ಯಾಕೆ ಹೇಳಲಿ.

ನಿಧಾನಕ್ಕೆ ಮನಸ್ಸು ಬದಲಾಯಿತು. ಯಾಕಂದರೆ ಮುರ್ಕಿ ಪ್ರಕರಣದಲ್ಲಿ ಪೊಲೀಸರಿಗೆ ಚಾವಿ ಬೇಕಾಗಲೇ ಇಲ್ಲ. ಗ್ರೂಪಿನ ಅಡ್ಮಿನ್ ಸೇರಿ ಹಲವರನ್ನು ಅವರು ಕೆಲವೇ ದಿನಗಳಲ್ಲಿ ಬಂಧಿಸಿದರು. ಗ್ರೂಪಿನಲ್ಲಿ ನೂರು ಜನ ಇದ್ದರೆ ಆ ಸಂದೇಶದ ನೂರು ಪ್ರತಿ ನೂರು ಫೋನಿನಲ್ಲಿ ಬಿಚ್ಚಿಕೊಂಡೇ ಕೂತಿರುತ್ತವೆ. ಒಂದು ಫೋನ್ ಸಿಕ್ಕರೆ ಸಾಕು. ಹೊಡೆಯುವಾಗ ತೆಗೆದ ವಿಡಿಯೋಗಳೂ ಇದ್ದವು.

ಮೊದಲೇ ಹಿಡಿಯುವುದು? ಚಾಕೊಲೇಟಿನಿಂದ ರಸ್ತೆ ಅಡ್ಡ ಕಟ್ಟುವವರೆಗೆ ನಡುವೆ ಇದ್ದ ಹೊತ್ತು ಬಹಳ ಕಡಿಮೆ. ಅಷ್ಟರಲ್ಲಿ ಯಾವ ಅಧಿಕಾರಿ ಕೂತು ಯಾವ ಸಂದೇಶ ಓದುತ್ತಿದ್ದ? ಆ ಸಂಜೆ ಕೆಲಸಕ್ಕೆ ಬರಬಹುದಾಗಿದ್ದದ್ದು ಸಂದೇಶದ ವೇಗ ತಗ್ಗಿಸುವುದು. ವಾಟ್ಸಾಪ್ ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಜಾಸ್ತಿ ಚಾಟ್‌ಗೆ ಒಟ್ಟಿಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಆ ಮಿತಿ ಹಾಕಲು ಯಾರ ಸಂದೇಶವನ್ನೂ ತೆರೆದು ಓದಬೇಕಾಗಲಿಲ್ಲ.

"ಮೊದಲು ಕಳಿಸಿದವರು ಯಾರು" ಅಂತ ಹೇಳಲೇಬೇಕು ಅನ್ನುವ ನಿಯಮ ಬಂದಿದೆಯಂತಲ್ಲ?

ಬಂದಿದೆ. 2021ರ ಫೆಬ್ರವರಿಯ ಐಟಿ ನಿಯಮಗಳಲ್ಲಿದೆ. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಮೆಸೇಜಿಂಗ್ ಆ್ಯಪ್‌ಗಳು, ಕೋರ್ಟ್ ಅಥವಾ ಅಧಿಕಾರವಿರುವ ಅಧಿಕಾರಿ ಆದೇಶ ಕೊಟ್ಟರೆ, ಒಂದು ಸಂದೇಶವನ್ನು ದೇಶದೊಳಗೆ ಮೊದಲು ಹುಟ್ಟಿಸಿದವರನ್ನು ಗುರುತಿಸಿಕೊಡಬೇಕು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಅತ್ಯಾಚಾರ, ಮಕ್ಕಳ ಲೈಂಗಿಕ ಶೋಷಣೆಯಂಥ ಗಂಭೀರ ಅಪರಾಧಗಳಿಗೆ ಮಾತ್ರ ಅಂತಲೂ ಬರೆದಿದೆ. ವಾಟ್ಸಾಪ್ ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಎನ್‌ಕ್ರಿಪ್ಷನ್ ಒಡೆಯಿರಿ ಅಂದರೆ ನಾವು ಹೊರಟು ಹೋಗಬೇಕಾಗುತ್ತದೆ ಎಂಬ ಅರ್ಥದಲ್ಲಿ 2024ರ ಏಪ್ರಿಲಿನಲ್ಲಿ ಅವರ ವಕೀಲರು ಕೋರ್ಟಿನಲ್ಲಿ ಹೇಳಿದರು.

ಸಂದೇಶ ಓದಬೇಡಿ, ಮೂಲ ಮಾತ್ರ ಹೇಳಿ ಅನ್ನುವುದು ಸರ್ಕಾರದ ವಾದ. ಕೇಳಲು ಹಿತವಾಗಿದೆ. ಆದರೆ ನಾಳೆ ಯಾವ ಸಂದೇಶದ ಮೂಲ ಕೇಳುತ್ತಾರೋ ಇವತ್ತು ಗೊತ್ತಿರುವುದಿಲ್ಲ. ಹಾಗಾಗಿ ಇವತ್ತು ಕಳಿಸಿದ ಎಲ್ಲರ ಎಲ್ಲ ಸಂದೇಶಕ್ಕೂ ಒಂದೊಂದು ಗುರುತು ಇಟ್ಟುಕೊಳ್ಳಬೇಕು. ಒಬ್ಬ ಕಳ್ಳನ ಸಲುವಾಗಿ ಇಡೀ ಓಣಿಯವರ ಹೆಬ್ಬೆಟ್ಟು ತೆಗೆದುಕೊಂಡಂತೆ.

ಅಷ್ಟು ಮಾಡಿದರೂ ಸಿಗುವುದು ಯಾರು? ನಾನು ಫೇಸ್‌ಬುಕ್ಕಿನಲ್ಲಿ ನೋಡಿದ ಒಂದು ಚಿತ್ರ ತೆಗೆದು ವಾಟ್ಸಾಪಿಗೆ ಹಾಕಿದರೆ, ವಾಟ್ಸಾಪಿನ ಲೆಕ್ಕದಲ್ಲಿ ಅದನ್ನು ಹುಟ್ಟಿಸಿದವನು ನಾನೇ. ಒಂದು ಅಕ್ಷರ ಬದಲಿಸಿದರೆ ಅದು ಹೊಸ ಸಂದೇಶ. ನಮ್ಮ ಕಡೆ ಇದರ ಕಷ್ಟ ಬೇಗ ಅರ್ಥವಾಗಬೇಕು. ಬಸವಕಲ್ಯಾಣದ ನೆಲದವರು ನಾವು. ಬಸವಣ್ಣನವರ ಅಂಕಿತ ಹಾಕಿ ಯಾರೋ ಬರೆದ ಸಾಲು ಬೆಳಗಾದರೆ ಗ್ರೂಪಿಗೆ ಬಂದು ಬೀಳುತ್ತದೆ. ಕೆಳಗಿನ ಹೆಸರು ನೋಡಿ ಕರ್ತೃ ಯಾರು ಅಂತ ತೀರ್ಮಾನಿಸಿದರೆ ಏನಾಗುತ್ತದೆ ಅಂತ ವಚನ ಸಂಶೋಧಕರನ್ನು ಕೇಳಿ.

ಸರ್ಕಾರಕ್ಕೆ ಮಾತ್ರ ಒಂದು ಚಾವಿ ಕೊಟ್ಟರೆ ಏನು ಕೆಟ್ಟದ್ದು? ಒಳ್ಳೆಯವರ ಕೈಯಲ್ಲೇ ಇರುತ್ತಲ್ಲ?

ಇದೇ ಮುಖ್ಯ ಪ್ರಶ್ನೆ. ಉಳಿದದ್ದೆಲ್ಲ ಇದರ ಸುತ್ತವೇ.

ನಾನು ಡಿಪ್ಲೊಮಾ ಓದುವಾಗ ಒಂದು ಹಾಸ್ಟೆಲಿನಲ್ಲಿದ್ದೆ. ವಾರ್ಡನ್ ಹತ್ತಿರ ಎಲ್ಲ ರೂಮಿಗೂ ಆಗುವ ಒಂದು ಚಾವಿ ಇತ್ತು. ತುರ್ತಿಗೆ ಬೇಕಾಗುತ್ತದೆ ಅಂತ. ವಾರ್ಡನ್ ಸಾಹೇಬರು ಒಳ್ಳೆಯವರೇ. ಆದರೆ ಚಾವಿ ಅಫೀಸಿನ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸ್ವಲ್ಪ ದಿನಕ್ಕೆ ಮೂರನೇ ಮಹಡಿಯಲ್ಲಿ ಒಬ್ಬನ ಕೈಗಡಿಯಾರ ಹೋಯಿತು, ಇನ್ನೊಬ್ಬನ ಪರೀಕ್ಷೆ ಫೀಸಿನ ದುಡ್ಡು ಹೋಯಿತು. ಯಾವ ಕೀಲಿಯೂ ಮುರಿದಿರಲಿಲ್ಲ. ಚಾವಿ ಮಾತ್ರ ಮೊಳೆಯ ಮೇಲೇ ಇತ್ತು. ಯಾರೋ ಒಂದು ಮಧ್ಯಾಹ್ನ ಒಯ್ದು, ಇನ್ನೊಂದು ಮಾಡಿಸಿ, ತಂದು ಇಟ್ಟಿದ್ದರು. ಯಾರು ಅಂತ ಕೊನೆಗೂ ತಿಳಿಯಲಿಲ್ಲ. ನನ್ನ ಹಸಿರು ಟ್ರಂಕಿನಿಂದ ಹೋದದ್ದು ಅಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಅದರ ಸಿಟ್ಟು ಇನ್ನೂ ಹೋಗಿಲ್ಲ.

ಚಿತ್ರದುರ್ಗದ ಓಬವ್ವನ ಕಿಂಡಿ ನಮಗೆಲ್ಲ ಗೊತ್ತು. ಕೋಟೆ ಗಟ್ಟಿ, ಬುರುಜು ಗಟ್ಟಿ, ಬಾಗಿಲು ಗಟ್ಟಿ. ಒಳಗಿನವರ ಅನುಕೂಲಕ್ಕೆ ಒಂದು ಕಿಂಡಿ. ಹೈದರಾಲಿಯ ಕಡೆಯವರಿಗೆ ಆ ಕಿಂಡಿ ಕಂಡಿತು ಅನ್ನುತ್ತದೆ ಕಥೆ. ನಾವು ಓಬವ್ವನ ಒನಕೆ ಹಾಡುತ್ತೇವೆ. ಕಿಂಡಿ ಬಿಟ್ಟವರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಇದು ಆಗಿಹೋದ ಕಥೆ. ಅಮೆರಿಕದ ಸರ್ಕಾರ 1993ರಲ್ಲಿ ಕ್ಲಿಪ್ಪರ್ ಚಿಪ್ ಅಂತ ತಂದಿತು. ಫೋನಿನ ಮಾತಿಗೆ ಕೀಲಿ ಹಾಕುವ ಚಿಪ್ಪು, ಆದರೆ ಚಾವಿಯ ಎರಡು ತುಂಡು ಎರಡು ಸರ್ಕಾರಿ ಸಂಸ್ಥೆಗಳ ಹತ್ತಿರ. ಮರುವರ್ಷವೇ ಮ್ಯಾಟ್ ಬ್ಲೇಜ್ ಅನ್ನುವ ಸಂಶೋಧಕ ಅದರಲ್ಲಿ ತಪ್ಪು ಹುಡುಕಿದ. ಸರ್ಕಾರದ ಚಾವಿ ಕೆಲಸ ಮಾಡದಂತೆ ಮಾಡಿ, ಚಿಪ್ಪನ್ನು ಮಾತ್ರ ಬಳಸಿಕೊಳ್ಳಬಹುದಿತ್ತು. 1996ರ ಹೊತ್ತಿಗೆ ಆ ಯೋಜನೆ ಮುಗಿದೇಹೋಯಿತು.

ಗ್ರೀಸಿನದು ಇನ್ನೂ ಕೆಟ್ಟದ್ದು. ಅಥೆನ್ಸ್ ಒಲಿಂಪಿಕ್ಸ್ ನಡೆದ 2004ರ ಸುಮಾರಿಗೆ, ಅಲ್ಲಿನ ವೊಡಾಫೋನ್ ಎಕ್ಸ್‌ಚೇಂಜುಗಳೊಳಗೆ ಯಾರೋ ಹೊಕ್ಕರು. ಪೊಲೀಸರು ಕಾನೂನಿನ ಪ್ರಕಾರ ಕದ್ದಾಲಿಸಲಿ ಅಂತ ಇದ್ದ ಸಾಫ್ಟ್‌ವೇರನ್ನೇ ತಮ್ಮ ಕೆಲಸಕ್ಕೆ ಬಳಸಿಕೊಂಡರು. ಸುಮಾರು ನೂರು ಫೋನುಗಳ ಮಾತು ತಿಂಗಳುಗಟ್ಟಲೆ ಹೊರಗೆ ಹೋಯಿತು. ಅದರಲ್ಲಿ ಒಂದು ಫೋನು ದೇಶದ ಪ್ರಧಾನಿಯದು.

ಹಳೇ ಕಥೆ ಅಂತೀರಾ? 2024ರಲ್ಲಿ ಅಮೆರಿಕದ ದೊಡ್ಡ ಟೆಲಿಕಾಂ ಕಂಪನಿಗಳೊಳಗೆ ಚೀನಾದ ಹ್ಯಾಕರ್‌ಗಳು ಹೊಕ್ಕಿದ್ದು ಗೊತ್ತಾಯಿತು. ಕೋರ್ಟ್ ಆದೇಶದ ಮೇಲೆ ಕದ್ದಾಲಿಸಲು ಇದ್ದ ವ್ಯವಸ್ಥೆಯನ್ನೂ ಅವರು ಮುಟ್ಟಿದ್ದರು. 1994ರಲ್ಲಿ ಆ ದೇಶವೇ ಕಾನೂನು ಮಾಡಿ ತೆರೆಸಿದ್ದ ಬಾಗಿಲು ಅದು. ಆಮೇಲೆ ಅಲ್ಲಿನ ಅಧಿಕಾರಿಗಳೇ, ಎನ್‌ಕ್ರಿಪ್ಷನ್ ಇರುವ ಆ್ಯಪ್‌ನಲ್ಲೇ ಮಾತಾಡಿ ಅಂತ ಜನಕ್ಕೆ ಹೇಳಿದರು. ವರ್ಷಗಟ್ಟಲೆ ಎನ್‌ಕ್ರಿಪ್ಷನ್ ವಿರುದ್ಧ ಗುದ್ದಾಡಿದ ಎಫ್‌ಬಿಐ, ಅಂದರೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯವರೂ ಅದರಲ್ಲಿದ್ದರು! ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಒಟ್ಟು ವಿಷಯ ಏನಂದರೆ, ಕೀಲಿಗೆ ಕಣ್ಣಿಲ್ಲ. ಚಾವಿ ಹಾಕಿದ ಕೈ ಖಾಕಿಯದೋ ಕಳ್ಳನದೋ ಅದು ನೋಡುವುದಿಲ್ಲ.

ಹಾಗಾದರೆ ಕಳ್ಳರು, ಭಯೋತ್ಪಾದಕರು ಆರಾಮಾಗಿ ಇರಲಿ ಅಂತೀರಾ?

ಈ ಪ್ರಶ್ನೆಗೆ ಪೂರ್ತಿ ಸಮಾಧಾನ ಆಗುವ ಉತ್ತರ ನನ್ನ ಹತ್ತಿರ ಇಲ್ಲ. ಗಟ್ಟಿ ಕೀಲಿ ಇದ್ದರೆ ಕೆಲವು ಅಪರಾಧ ಪತ್ತೆಯಾಗುವುದಿಲ್ಲ. ಕೆಲವು ಮಕ್ಕಳಿಗೆ, ಕೆಲವು ಹೆಣ್ಣುಮಕ್ಕಳಿಗೆ ಅದರಿಂದ ನ್ಯಾಯ ತಡವಾಗುತ್ತದೆ. ಎನ್‌ಕ್ರಿಪ್ಷನ್ ಪರ ಮಾತಾಡುವವರು ಇದನ್ನು ನುಂಗಿಕೊಂಡು ಮಾತಾಡಿದರೆ ಅವರನ್ನು ನಂಬಬೇಡಿ.

ಆದರೆ ಬೇರೆ ದಾರಿಗಳೂ ಇವೆ. 2015ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ 14 ಜನರನ್ನು ಕೊಂದ ಇಬ್ಬರಲ್ಲಿ ಒಬ್ಬನ ಐಫೋನ್ ತೆರೆಯಲು ಎಫ್‌ಬಿಐಗೆ ಆಗಲಿಲ್ಲ. ಹೊಸ ಸಾಫ್ಟ್‌ವೇರ್ ಬರೆದು ಕೊಡಿ ಅಂತ ಆ್ಯಪಲ್ ಮೇಲೆ ಕೋರ್ಟ್ ಆದೇಶ ತಂದರು. ಆ್ಯಪಲ್ ಒಲ್ಲೆ ಅಂತು. ಜಗತ್ತೆಲ್ಲ ಎರಡು ಪಾಲಾಗಿ ಜಗಳಾಡಿತು. 2016ರ ಮಾರ್ಚಿನಲ್ಲಿ ಎಫ್‌ಬಿಐ ಕೇಸು ಹಿಂದಕ್ಕೆ ತಗೊಂಡಿತು, ಹೊರಗಿನವರೊಬ್ಬರು ಆ ಫೋನ್ ತೆರೆದು ಕೊಟ್ಟಿದ್ದರು. ಕೋರ್ಟಿಗೆ ಹೋಗುವ ಮೊದಲು ಎಫ್‌ಬಿಐ ತನ್ನ ಸ್ವಂತ ದಾರಿಗಳನ್ನೇ ಪೂರ್ತಿ ಹುಡುಕಿರಲಿಲ್ಲ ಅಂತ ಎರಡು ವರ್ಷ ಬಿಟ್ಟು ಅವರದೇ ಇಲಾಖೆಯ ತನಿಖೆ ಹೇಳಿತು. ಒಂದು ಫೋನ್ ತೆರೆಯುವುದು ಬೇರೆ, ಎಲ್ಲರ ಫೋನಿಗೆ ಕಿಂಡಿ ಇಡುವುದು ಬೇರೆ.

ಯಾರು ಯಾರ ಜೊತೆ ಮಾತಾಡಿದರು, ಯಾವ ಟವರಿನಡಿ ಇದ್ದರು, ಯಾವ ಖಾತೆಗೆ ದುಡ್ಡು ಹೋಯಿತು, ಇವೆಲ್ಲ ಇವತ್ತಿಗೂ ಪೊಲೀಸರಿಗೆ ಸಿಗುತ್ತವೆ. ಸಂತೆಯ ಟವೆಲಿನ ಮಾತು ನೆನಪಿದೆಯಲ್ವಾ?

ಫೋನಿನೊಳಗೇ ಚಿತ್ರ ಪರೀಕ್ಷಿಸಿ, ಕೀಲಿ ಬೀಳುವ ಮೊದಲೇ ಕೆಟ್ಟದ್ದನ್ನು ಹಿಡಿಯೋಣ ಅನ್ನುವ ಯೋಚನೆಯೂ ಬಂದಿತ್ತು. ಮಕ್ಕಳ ಶೋಷಣೆಯ ಚಿತ್ರಗಳನ್ನು ಹೀಗೆ ಹುಡುಕುತ್ತೇವೆ ಅಂತ ಆ್ಯಪಲ್ 2021ರ ಆಗಸ್ಟಿನಲ್ಲಿ ಹೇಳಿತು. ಇವತ್ತು ಈ ಪಟ್ಟಿ, ನಾಳೆ ಯಾವ ಪಟ್ಟಿ ಅಂತ ಗದ್ದಲ ಎದ್ದಿತು. ಮರುವರ್ಷ ಡಿಸೆಂಬರಿನಲ್ಲಿ ಕೈಬಿಟ್ಟರು. ಯುರೋಪಿನಲ್ಲಿ ಇಂಥದ್ದೇ ಕಾನೂನಿನ ಪ್ರಸ್ತಾವ 2022ರಲ್ಲಿ ಬಂತು, ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆದಿದೆ.

ನಮ್ಮ ಹತ್ರ ಮುಚ್ಚಿಡೋದೇನೂ ಇಲ್ರಿ. ನೋಡ್ಲಿ ಬಿಡ್ರಿ, ಏನಾಗ್ತದ?

ತೊಗರಿ ವ್ಯಾಪಾರದ ಕಾಕಾ ಒಬ್ಬರು ಹೀಗೇ ಅಂದರು. "ಹಂಗಾದ್ರ ಕಾಕಾ, ನಾಳೆ ಎಷ್ಟು ಕ್ವಿಂಟಲ್ ತಗೋತೀರಿ, ಎಷ್ಟರವರೆಗೂ ಏರಿಸ್ತೀರಿ, ಇಲ್ಲೇ ಜೋರಾಗಿ ಹೇಳ್ರಿ" ಅಂದೆ. ಪಕ್ಕದ ಸ್ಟೂಲಿನಲ್ಲಿ ಇನ್ನೊಬ್ಬ ದಾಲ್ ಮಿಲ್ಲಿನವರು ಕೂತಿದ್ದರು. ಕಾಕಾ ನಕ್ಕು ಚಹಾ ತರಿಸಿದರು.

ಮುಚ್ಚಿಡುವುದೆಲ್ಲ ತಪ್ಪಲ್ಲ. ಡಾಕ್ಟರ ರಿಪೋರ್ಟು, ಮಗಳ ಮದುವೆ ಮಾತುಕತೆ, ಗಂಡನ ಮೇಲೆ ತವರಿಗೆ ಹೇಳಿಕೊಂಡ ದೂರು, ಪತ್ರಕರ್ತನಿಗೆ ಗುಮಾಸ್ತನೊಬ್ಬ ಕಳಿಸಿದ ಕಾಗದ. ಇವೆಲ್ಲ ಬೇರೆಯವರ ಕಣ್ಣಿಗೆ ಬೀಳಬೇಕಾದದ್ದಲ್ಲ.

ತಪ್ಪು ಯಾವುದು ಅಂತ ತೀರ್ಮಾನಿಸುವವರೂ ಬದಲಾಗುತ್ತಿರುತ್ತಾರೆ. 2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಕೇಸು ಬಿತ್ತು. ಒಬ್ಬ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಹೈಕೋರ್ಟ್ ಆ ಕೇಸು ರದ್ದು ಮಾಡಿದ್ದು 2023ರ ಜೂನಿನಲ್ಲಿ. ಆ ನಾಟಕ ಗುಟ್ಟಾಗಿ ಆಡಿದ್ದಲ್ಲ, ಎನ್‌ಕ್ರಿಪ್ಷನ್ನಿಗೆ ಸಂಬಂಧವೂ ಇಲ್ಲ. ಆದರೆ ಮುಚ್ಚಿಡೋದೇನಿಲ್ಲ ಅಂದುಕೊಂಡವರ ಮನೆಗೂ ಪೊಲೀಸರು ಬರಬಹುದು ಅನ್ನುವುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ನಮ್ಮ ದೇಶದಲ್ಲಿ ಕದ್ದಾಲಿಸಲು ಯಾರ ಅಪ್ಪಣೆ ಬೇಕು? ಜಡ್ಜ್ ಸಹಿ ಬೇಕಲ್ಲ?

ಬೇಡ. ಇದನ್ನು ಕೇಳಿ ಬೆಚ್ಚಿಬಿದ್ದವರೇ ಜಾಸ್ತಿ.

ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆಯಿಂದ ಶುರುವಾದದ್ದು ಇದು. ದುರುಪಯೋಗ ಏನು ಅಂತ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಹಗರಣದಿಂದಲೇ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2019ರಲ್ಲಿ ಮತ್ತೆ ಆರೋಪ ಎದ್ದು, ಹಿಂದಿನ ಸರ್ಕಾರದ ಕಾಲದ ಕದ್ದಾಲಿಕೆ ಬಗ್ಗೆ ಸಿಬಿಐ ತನಿಖೆಗೆ ಆದೇಶವಾಯಿತು. ಅಂದರೆ ಅಧಿಕಾರದಲ್ಲಿರುವವರೇ ಒಬ್ಬರ ಮೇಲೊಬ್ಬರು ಇದನ್ನು ಹೊರಿಸುತ್ತಾರೆ. ಪಕ್ಷ ಯಾವುದು ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ.

ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೆಲವು ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು, ಆದೇಶಕ್ಕೆ ಎರಡು ತಿಂಗಳ ಅವಧಿ, ಎಷ್ಟು ಮುಂದುವರಿಸಿದರೂ ಆರು ತಿಂಗಳು ದಾಟಬಾರದು, ಒಂದು ಸಮಿತಿ ಪರಿಶೀಲಿಸಬೇಕು. ಒಳ್ಳೆಯದೇ. ಆದರೆ ಆ ಸಮಿತಿಯಲ್ಲಿ ಇರುವವರೂ ಸರ್ಕಾರದ ಹಿರಿಯ ಅಧಿಕಾರಿಗಳೇ. ಕೇಳುವವರು ಸರ್ಕಾರ, ಕೊಡುವವರು ಸರ್ಕಾರ, ಸರಿಯೋ ತಪ್ಪೋ ನೋಡುವವರೂ ಸರ್ಕಾರ. ಅಮೆರಿಕದಲ್ಲಿ ಇದಕ್ಕೆ ನ್ಯಾಯಾಧೀಶರ ಆದೇಶ ಬೇಕು. ಬ್ರಿಟನ್ನಿನಲ್ಲೂ 2016ರ ಕಾಯ್ದೆ ಬಂದ ಮೇಲೆ ಮಂತ್ರಿಯ ಸಹಿಯ ಜೊತೆ ನ್ಯಾಯಾಧೀಶರ ಒಪ್ಪಿಗೆಯೂ ಬೇಕು. 2023ರ ಟೆಲಿಕಾಂ ಕಾಯ್ದೆ ತರುವಾಗ ನಾವೂ ಇದನ್ನು ಸೇರಿಸಬಹುದಿತ್ತು. ಸೇರಿಸಲಿಲ್ಲ.

ಕಂಪ್ಯೂಟರ್ ಮತ್ತು ಇಂಟರ್ನೆಟ್ಟಿಗೆ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ. ಕೀಲಿ ತೆರೆಯಲು ನೆರವು ಕೊಡದಿದ್ದರೆ ಏಳು ವರ್ಷದವರೆಗೆ ಜೈಲು. 2018ರ ಡಿಸೆಂಬರಿನಲ್ಲಿ ಹತ್ತು ಕೇಂದ್ರ ಸಂಸ್ಥೆಗಳಿಗೆ ಈ ಅಧಿಕಾರ ಅಂತ ಪಟ್ಟಿ ಹೊರಡಿಸಿದರು. ಆದರೆ 2009ರ ನಿಯಮಗಳ ಪ್ರಕಾರ, ಕಂಪನಿಯ ಕೈಯಲ್ಲಿ ಚಾವಿ ಇದ್ದಷ್ಟಕ್ಕೆ ಮಾತ್ರ ಕೀಲಿ ತೆರೆದು ಕೊಡು ಅನ್ನಬಹುದು. ಚಾವಿಯೇ ಇಲ್ಲದ ವಾಟ್ಸಾಪಿನಂಥವರ ಮುಂದೆ ಜಗಳ ಬಂದು ನಿಂತಿರುವುದು ಈ ಜಾಗದಲ್ಲೇ.

ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂದಿದೆಯಲ್ಲ, ಅಲ್ಲಿಗೆ ಮುಗೀತಲ್ವಾ?

ಅಂದಿದೆ. 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರ ಪೀಠ, ಒಮ್ಮತದಿಂದ. ಆಧಾರ್ ವಿರುದ್ಧ 2012ರಲ್ಲಿ ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ಮೇಲೆ ದೇಶದ ಕಾನೂನನ್ನೇ ಅಲ್ಲಾಡಿಸಿದ ಮನುಷ್ಯ.

ಮುಗಿದಿಲ್ಲ. ಹಕ್ಕಿಗೆ ಮಿತಿ ಹಾಕಬಹುದು, ಆದರೆ ಅದಕ್ಕೆ ಕಾನೂನಿರಬೇಕು, ಸರಿಯಾದ ಉದ್ದೇಶ ಇರಬೇಕು, ಮಿತಿ ಅಳತೆ ಮೀರಿರಬಾರದು ಅಂತ ಕೋರ್ಟ್ ಹೇಳಿತು. ನೊಣ ಹೊಡೆಯಲು ಒನಕೆ ಎತ್ತಬಾರದು ಅಂತ. ಕೀಲಿಗೆ ಕಿಂಡಿ ಇಡುವುದು ಅಳತೆಯೊಳಗಿದೆಯೋ ಇಲ್ಲವೋ ಅನ್ನುವುದೇ ಈಗಿನ ಜಗಳ.

ಸರ್ಕಾರ ಒಮ್ಮೆ ಎನ್‌ಕ್ರಿಪ್ಷನ್ ನೀತಿ ತಂದು ವಾಪಸ್ ತಗೊಂಡಿತ್ತಂತೆ, ಖರೇನಾ?

ಖರೇ. 2015ರ ಸೆಪ್ಟೆಂಬರ್. ಕಳಿಸಿದ ಸಂದೇಶದ ಕೀಲಿ ಇಲ್ಲದ ಪ್ರತಿಯನ್ನು ನಾಗರಿಕರೂ 90 ದಿನ ಇಟ್ಟುಕೊಳ್ಳಬೇಕು ಅಂತ ಕರಡಿನಲ್ಲಿತ್ತು. ಅಂದರೆ ನಿಮ್ಮ ವಾಟ್ಸಾಪ್ ಅಳಿಸಿದರೆ ತಪ್ಪು. ಜನ ಬೈದರು, ಕೆಲವೇ ದಿನಕ್ಕೆ ವಾಪಸ್ ಹೋಯಿತು. ಇಂಥವು ಹೊರಗೆ ಬಂದಾಗ ಗದ್ದಲ ಮಾಡಿದರೆ ಉಪಯೋಗ ಇದೆ ಅನ್ನಲು ಈ ಕಥೆ ಇಟ್ಟುಕೊಂಡಿದ್ದೇನೆ.

ಪೆಗಾಸಸ್ ಅಂಥದ್ದು ಇರುವಾಗ ಈ ಕೀಲಿಯಿಂದ ಏನು ಪ್ರಯೋಜನ?

ಪೆಗಾಸಸ್ ಅಂದರೆ ಫೋನಿನೊಳಗೆ ನುಸುಳಿ ಕದ್ದು ನೋಡುವ ಸಾಫ್ಟ್‌ವೇರ್. ಅದು ಕೀಲಿ ಮುರಿಯುವುದಿಲ್ಲ. ಮನೆಯೊಳಗೇ ಬಂದು ಕೂರುತ್ತದೆ. ನೀವು ಓದುವಾಗ ಹೆಗಲ ಹಿಂದಿನಿಂದ ಅದೂ ಓದುತ್ತದೆ. 2021ರ ಜುಲೈನಲ್ಲಿ ದೊಡ್ಡ ಸುದ್ದಿಯಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರು 29 ಫೋನ್ ಪರೀಕ್ಷಿಸಿದರು. ಐದರಲ್ಲಿ ಕೆಟ್ಟ ಸಾಫ್ಟ್‌ವೇರ್ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಾತ್ರಿಯಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನು 2022ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಕೋರ್ಟಿನಲ್ಲಿ ತಿಳಿಸಿದರು.

ಇಂಥ ಸಾಫ್ಟ್‌ವೇರ್ ಬಹಳ ದುಬಾರಿ. ಒಬ್ಬೊಬ್ಬರನ್ನೇ ಆರಿಸಿ ಹಾಕಬೇಕು. ಕೀಲಿಯೇ ಇಲ್ಲದಿದ್ದರೆ ಊರಿಗೆ ಊರನ್ನೇ ಪುಕ್ಕಟೆ ಓದಬಹುದು. ಕನ್ನಗಳ್ಳ ಇದ್ದಾನೆ ಅಂತ ಯಾರೂ ಬಾಗಿಲು ತೆಗೆದಿಟ್ಟು ಮಲಗುವುದಿಲ್ಲ.

ಪೊಲೀಸರು ಫೋನಿನ ಪಾಸ್‌ವರ್ಡ್ ಕೇಳಿದರೆ ಕೊಡಲೇಬೇಕಾ?

ನಾನು ವಕೀಲನಲ್ಲ, ಕೇಸು ಬಿದ್ದರೆ ವಕೀಲರನ್ನೇ ಕೇಳಿ. ತಿಳಿದಷ್ಟು ಹೇಳುತ್ತೇನೆ. 2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಇದರ ಬಗ್ಗೆ ವಿವರವಾದ ತೀರ್ಪು ಕೊಟ್ಟಿತು. ತನಿಖಾಧಿಕಾರಿ ಕೇಳಬಹುದು, ಆರೋಪಿ ಕೊಡದಿದ್ದರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು. ತುರ್ತು ಇದ್ದರೆ ಕಾರಣ ಬರೆದಿಡಬೇಕು. ಪಾಸ್‌ವರ್ಡ್ ಕೊಡುವುದು ತನ್ನ ಮೇಲೆ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಈ ಕೊನೆಯ ಮಾತನ್ನು ಎಲ್ಲರೂ ಒಪ್ಪಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಸುಮ್ನೆ "ಫೋನ್ ತೆಗಿ, ವಾಟ್ಸಾಪ್ ತೋರ್ಸು" ಅನ್ನುವುದಕ್ಕೂ ಇದಕ್ಕೂ ಬಹಳ ಅಂತರ ಇದೆ.

"ಡಿಜಿಟಲ್ ಅರೆಸ್ಟ್" ಮಾಡುವವರೂ ವಾಟ್ಸಾಪಿನಲ್ಲೇ ಬರ್ತಾರಲ್ಲ?

ಬರ್ತಾರೆ. ಪೊಲೀಸರು ಅಂತ ಸುಳ್ಳು ಹೇಳಿ, ಕಾಲ್‌ನಲ್ಲೇ ಹೆದರಿಸಿ ದುಡ್ಡು ಕೀಳುವವರು ಇವರು. ಆದರೆ ಅವರು ನಿಮ್ಮ ಕೀಲಿ ಮುರಿದು ಬಂದವರಲ್ಲ, ನೀವೇ ಕಾಲ್ ಎತ್ತಿ ಒಳಗೆ ಕರೆದುಕೊಂಡವರು. ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಕಾಲ್ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾವು ಏನು ಮಾಡಬೇಕು?

ಮೊದಲು ಬ್ಯಾಕಪ್ ನೋಡಿ. ಚಾಟ್‌ಗೆ ಕೀಲಿ ಇದ್ದರೂ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ಟಿನ ಮೂಲಕ ಬೇರೆ ಕಂಪನಿಯ ಕಂಪ್ಯೂಟರಿನಲ್ಲಿ ಇಟ್ಟ ಬ್ಯಾಕಪ್ಪಿಗೆ ಕೀಲಿ ಇಲ್ಲದಿರಬಹುದು. ವಾಟ್ಸಾಪಿನಲ್ಲಿ ಅದಕ್ಕೂ ಕೀಲಿ ಹಾಕುವ ಸೌಲಭ್ಯ 2021ರಿಂದ ಇದೆ, ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ಅದರ ಪಾಸ್‌ವರ್ಡ್ ಮರೆತರೆ ಅತ್ತರೂ ಸಿಗುವುದಿಲ್ಲ, ಬರೆದಿಡಿ. ಎರಡು ಹಂತದ ಪಿನ್ ಹಾಕಿ. ಒಟಿಪಿ ಯಾರಿಗೂ ಹೇಳಬೇಡಿ, ತಮ್ಮನಿಗೂ ಹೇಳಬೇಡಿ. ಇಷ್ಟೇ.

ಅದೆಲ್ಲ ಸರಿ ಅಣ್ಣಾರ. ರಿಪೇರಿಗೆ ಕೊಟ್ಟ ಫೋನ್ ನೀವು ಬಿಚ್ಚಿ ನೋಡ್ತೀರೋ ಇಲ್ಲೋ?

ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನೋಡಿಲ್ಲ. ಆದರೆ ಅದಕ್ಕೆ ನನ್ನ ಮಾತು ಬಿಟ್ಟು ಬೇರೆ ಸಾಕ್ಷಿ ಏನಿದೆ? ಹನ್ನೆರಡು ವರ್ಷ ನಾನೂ ಎಲ್ಲರಂತೆ ಚೀಟಿ ಬರೆಸಿಕೊಳ್ಳುತ್ತಿದ್ದೆ. ಹೆಸರು, ನಂಬರು, ತೊಂದರೆ ಏನು, ಕೆಳಗೆ ಒಂಬತ್ತು ಚುಕ್ಕಿ. ಗಿರಾಕಿ ಆ ಚುಕ್ಕಿಗಳ ಮೇಲೆ ಪೆನ್ನಿನಿಂದ ತಮ್ಮ ಪ್ಯಾಟರ್ನ್ ಎಳೆದು ಕೊಡುತ್ತಿದ್ದರು. ಅರ್ಧ ಊರಿನ ಚಾವಿ ನನ್ನ ಹತ್ತಿರ, ಯಾವ ಗೃಹ ಕಾರ್ಯದರ್ಶಿಯ ಸಹಿಯೂ ಇಲ್ಲದೆ.

ಆ ದಿನ ಅಂಗಡಿಗೆ ಬಂದು ಡ್ರಾಯರ್ ತೆಗೆದೆ. ಚೀಟಿಗಳ ಕಟ್ಟು ನಾಲ್ಕಿದ್ದವು, ರಬ್ಬರ್ ಬ್ಯಾಂಡ್ ಹಾಕಿದ್ದವು. ಕೆಲಸದ ಹುಡುಗ, ಪಕ್ಕದ ಅಂಗಡಿಯವನು, ಚಹಾದವನು, ಎಲ್ಲರ ಕೈಗೂ ಸಿಗುವ ಡ್ರಾಯರ್ ಅದು. ಸಂಜೆ ಅಂಗಡಿ ಹಿಂದೆ ಒಯ್ದು ಸುಟ್ಟೆ. ಈಗ ಪ್ಯಾಟರ್ನ್ ಬರೆಸಿಕೊಳ್ಳುವುದಿಲ್ಲ. ಟಚ್ ಪರೀಕ್ಷೆ ಮಾಡಬೇಕಾದಾಗ ನಿಮಗೇ ಫೋನ್ ಮಾಡುತ್ತೇನೆ, ಬಂದು ತೆರೆದು ಕೊಡಿ, ಎದುರಿಗೇ ಕೂತಿರಿ. ಇದರಿಂದ ಕೆಲಸ ತಡವಾಗುತ್ತದೆ. ಆಳಂದದಿಂದ ಬಸ್ ಹತ್ತಿ ಎರಡು ಸಲ ಬರಬೇಕಾದವರು ಬೈಯುತ್ತಾರೆ, ಕೆಲವರು ಬೇರೆ ಅಂಗಡಿಗೆ ಹೋಗಿದ್ದಾರೆ. ಸ್ಟೂಲ್ ಮಾತ್ರ ಇನ್ನೊಂದು ತಂದಿಟ್ಟಿದ್ದೇನೆ.